ಮೊದಲು ಬಂದವರು, ಆಮೇಲೆ ಬಂದವರು



ಮೆಣಸಿನಕಾಯಿ ಎಂಬ ಪದವನ್ನು ನಾವು ದಿನಕ್ಕೆ ಹತ್ತು ಸಲವಾದರೂ ಆಡುತ್ತೇವೆ. ಆಡುವಾಗ ಅದರ ಬೆನ್ನಿಗೆ ಅಂಟಿಕೊಂಡ ‘ಕಾಯಿ’ಯ ಕಡೆಗೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ಈ ಗಿಡ ಅಮೆರಿಕ ಖಂಡದ್ದು. ಪೋರ್ಚುಗೀಸರು ಬಂದ ಮೇಲೆ, ಎಂದರೆ 16ನೆಯ ಶತಮಾನದಲ್ಲಿ, ನಮ್ಮ ನಾಡಿಗೆ ಕಾಲಿಟ್ಟಿತು. ಅದು ಬಂದಾಗ ಖಾರದ ಪೀಠ ಬರಿದಾಗಿರಲಿಲ್ಲ. ಮಲೆನಾಡಿನ ಬಳ್ಳಿಯ ಮೆಣಸು ಶತಮಾನಗಳಿಂದ ಅದರ ಮೇಲೆ ಕುಳಿತಿತ್ತು. ಹೆಸರು ಮೊದಲೇ ಒಬ್ಬರ ಪಾಲಾಗಿದ್ದುದರಿಂದ ಹೊಸಬನಿಗೆ ‘ಮೆಣಸಿನಂಥ ಕಾಯಿ’ ಎಂಬ ಅರ್ಥದ ಎರವಲು ಹೆಸರು ದೊರೆಯಿತು. ತಮಿಳರು ಮಿಳಗು, ಮಿಳಗಾಯ್ ಎನ್ನುತ್ತಾರೆ. ತೆಲುಗರು ಮಿರಿಯಾಲು, ಮಿರಪಕಾಯ. ಮರಾಠಿಗರು ಮಿರೀ, ಮಿರಚೀ. ಎಲ್ಲ ಕಡೆಯೂ ಹಳಬನ ಹೆಸರಿನಿಂದಲೇ ಹೊಸಬನ ಹೆಸರು ಚಿಗುರಿದೆ. ಆದರೆ ಮುಂದೆ ಆದುದೇನು? ಹೊಸಬ ಅಡುಗೆಮನೆಯನ್ನೇ ಆಕ್ರಮಿಸಿದ. ಈಗ ಹಳಬನೇ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಂಡು ತಿರುಗಬೇಕಾಗಿದೆ. ಇವೆರಡು ಪದಾರ್ಥಗಳು ಹಿಂದುಮುಂದಾಗಿ ಬಂದಿದ್ದರೆ ಈ ಪದಗಳಲ್ಲಿ ಒಂದೂ ಇಂದಿನ ರೂಪದಲ್ಲಿ ಇರುತ್ತಿರಲಿಲ್ಲ.

ನಮ್ಮ ವೈಯಾಕರಣರು ಪದಗಳನ್ನು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ವಿಂಗಡಿಸಿದರು. ಪದ ಎಲ್ಲಿಂದ ಬಂದಿತೆಂಬುದು ಅವರ ಪ್ರಶ್ನೆ. ಯಾವಾಗ ಬಂದಿತು, ಬಂದಾಗ ಮನೆಯಲ್ಲಿ ಯಾರಿದ್ದರು ಎಂಬುದನ್ನು ಅವರು ಅಷ್ಟಾಗಿ ಕೇಳಲಿಲ್ಲ. ಜೀವವಿಜ್ಞಾನಿಗಳು ಈಚಿನ ದಶಕಗಳಲ್ಲಿ ಈ ಎರಡನೆಯ ಪ್ರಶ್ನೆಯನ್ನೇ ಹಿಡಿದುಕೊಂಡಿದ್ದಾರೆ. ಒಂದು ನೆಲಕ್ಕೆ ಜೀವಿಗಳು ಬಂದು ಸೇರಿದ ಅನುಕ್ರಮ, ಅಲ್ಲಿ ಯಾರು ಬದುಕಿ ಉಳಿಯುತ್ತಾರೆಂಬುದನ್ನು ನಿರ್ಧರಿಸುತ್ತದೆ. ಅಷ್ಟೇ ಅಲ್ಲದೆ, ಅಲ್ಲಿ ಯಾವ ಹೊಸ ಜೀವಿಗಳು ಹುಟ್ಟಬಹುದು, ಯಾವುವು ಹುಟ್ಟಲಾರವು ಎಂಬುದನ್ನೂ ನಿರ್ಧರಿಸುತ್ತದೆ ಎಂಬುದು ಅವರ ಮಾತು. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ವಿಚಾರ ಪರಕೀಯವೆನಿಸಲಿಲ್ಲ. ಸಾಹಿತ್ಯದ ವಿದ್ಯಾರ್ಥಿಯೊಬ್ಬ ತನ್ನ ನೆಲದಲ್ಲಿ ನಿಂತು ಇದನ್ನು ಹೇಗೆ ಓದಿಕೊಂಡನೆಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ನನ್ನ ಊರು ಬೀದರ ತಾಲ್ಲೂಕಿನ ಬಗದಲ್. ಈ ಸೀಮೆಯ ನೆಲವೇ ಈ ಕಥೆಯ ಮೊದಲ ಪುಟ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು ಶಿಲಾರಸ ಹೊರಹೊಮ್ಮಿತು. ಒಂದರ ಮೇಲೊಂದು ಪದರಾಗಿ ಹರಿದು ಹೆಪ್ಪುಗಟ್ಟಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ದಖ್ಖಣ ಆ ಕರಿಕಲ್ಲಿನ ಹಾಸಿನ ಮೇಲೆ ಮಲಗಿದೆ. ಬೀದರ ಅದರ ಆಗ್ನೇಯ ಅಂಚು. ಭಾಲ್ಕಿ, ಔರಾದ ಕಡೆಯ ಎರೆಹೊಲಗಳು ಆ ಕಲ್ಲು ಪುಡಿಯಾದ ಮಣ್ಣು. ಬೀದರ ಪಟ್ಟಣವನ್ನು ಹೊತ್ತ ಕೆಂಪು ಜಂಬಿಟ್ಟಿಗೆಯ ಪೀಠಭೂಮಿಯೂ ಅದೇ ಕರಿಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಶಿಥಿಲವಾಗಿ ಉಂಟಾದದ್ದು. ಬಹಮನಿ ಸುಲ್ತಾನರ ಕೆಲಸಗಾರರು ಕೋಟೆಯ ಕಂದಕವನ್ನು ಆ ಕೆಂಪುಕಲ್ಲಿನಲ್ಲಿಯೇ ಕಡಿದರು. ಮೇಲಿನ ಕೆಂಪುಕಲ್ಲು ನೀರನ್ನು ಹೀರಿ, ಕೆಳಗಿನ ಕರಿಕಲ್ಲು ತಡೆದು, ಎರಡರ ನಡುವೆ ನಿಂತ ನೀರೇ ನಮ್ಮ ಪ್ರಸಿದ್ಧವಾದ ಕಾರೇಜ್ ಸುರಂಗಗಳಿಗೆ ಆಧಾರ. ಕಾರೇಜಿನ ಕಥೆ ಇನ್ನೊಂದು ಭಾಷಣಕ್ಕೆ ಇರಲಿ. ಇಲ್ಲಿ ನಾನು ಹೇಳಬೇಕಾದುದು ಇಷ್ಟೆ: ಕುದಿಯುವ ಶಿಲಾರಸದ ಮೇಲೆ ಯಾವ ಜೀವವೂ ನಿಲ್ಲಲಾರದು. ಆದುದರಿಂದ ಈ ನೆಲದ ಮೇಲಿರುವ ಪ್ರತಿಯೊಂದು ಹುಲ್ಲು, ಹುಳು, ಹಲ್ಲಿ, ಹಕ್ಕಿಯ ಪೂರ್ವಜರು ಎಲ್ಲಿಂದಲೋ ಇಲ್ಲಿಗೆ ಬಂದವರೇ. ಮೂಲನಿವಾಸಿ ಎಂದು ಎದೆ ತಟ್ಟಿಕೊಳ್ಳುವ ಅರ್ಹತೆ ಕರಿಕಲ್ಲಿಗೆ ಮಾತ್ರ ಉಂಟು. ಅದೂ ಭೂಗರ್ಭದಿಂದ ಬಂದದ್ದು!

ಆ ಕಾಲದಲ್ಲಿ ಭಾರತವೇ ಒಂದು ತೇಲುವ ದೋಣಿಯಾಗಿತ್ತು. ಮಡಗಾಸ್ಕರಿನಿಂದ ಸುಮಾರು 9 ಕೋಟಿ ವರ್ಷಗಳ ಹಿಂದೆ ಕಳಚಿಕೊಂಡು ಉತ್ತರಕ್ಕೆ ಸರಿಯುತ್ತಿತ್ತು. ಏಷ್ಯಾಕ್ಕೆ ಬಂದು ತಾಗಿದ್ದು ಆಮೇಲೆ. ದೋಣಿಯಲ್ಲಿ ಹಳೆಯ ಪ್ರಯಾಣಿಕರು ಕೆಲವರಿದ್ದರು. 2003ರಲ್ಲಿ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸೈಟ್ ಅವರು ಪಶ್ಚಿಮಘಟ್ಟದ ದಕ್ಷಿಣ ಭಾಗದಿಂದ ಒಂದು ಊದಾಬಣ್ಣದ, ನೆಲದೊಳಗೆ ಬಾಳುವ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದರು. ಅದರ ಹತ್ತಿರದ ಬಂಧುಗಳು ಹಿಂದೂ ಮಹಾಸಾಗರದ ನಡುವಿನ ಸೆಶೆಲ್ಸ್ ದ್ವೀಪಗಳಲ್ಲಿವೆ. ದೋಣಿ ದಡ ಮುಟ್ಟಿದ ಮೇಲೆ ಏಷ್ಯಾದ ಕಡೆಯಿಂದ ಹೊಸಬರು ಏರತೊಡಗಿದರು. ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಬಂದವರು ಕಲೆತು ಇಂದಿನ ನಮ್ಮ ಜೀವಲೋಕವಾಗಿದೆ.

ಬಂದ ಹೊತ್ತಿಗೆ ಅಷ್ಟೊಂದು ಮಹತ್ವವೇಕೆ? ತಕ್ಕವನು ಯಾವಾಗ ಬಂದರೂ ಗೆಲ್ಲುತ್ತಾನಲ್ಲವೆ? ಡಾರ್ವಿನ್ನನ ಹೆಸರಿನಲ್ಲಿ ನಾವು ಶಾಲೆಯಲ್ಲಿ ಕಲಿತದ್ದು ಇದೇ. ಇದಕ್ಕೆ ಉತ್ತರ ಕಾಡಿನಲ್ಲಿ ಸುಲಭವಾಗಿ ದೊರೆಯದು, ಏಕೆಂದರೆ ಕಾಡಿನ ಚರಿತ್ರೆ ಒಂದೇ ಸಲ ನಡೆದಿದೆ. ಅದನ್ನು ಮತ್ತೆ ಮೊದಲಿನಿಂದ ನಡೆಸಿ ನೋಡುವಂತಿಲ್ಲ. ಗಾಜಿನ ಪಾತ್ರೆಯಲ್ಲಿ ನಡೆಸಬಹುದು. 1998ರಲ್ಲಿ ಪಾಲ್ ರೈನಿ ಮತ್ತು ಮೈಕೇಲ್ ಟ್ರಾವಿಸಾನೊ ಎಂಬ ವಿಜ್ಞಾನಿಗಳು ಸೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾದ ಒಂದೇ ವಂಶವನ್ನು ಪೋಷಕರಸ ತುಂಬಿದ ಪಾತ್ರೆಯಲ್ಲಿ ಬಿಟ್ಟು, ಅಲುಗಾಡಿಸದೆ ಇಟ್ಟರು. ಕೆಲವೇ ದಿನಗಳಲ್ಲಿ ಆ ವಂಶ ಕವಲೊಡೆಯಿತು. ಒಂದು ಕವಲು ರಸದ ನಡುವೆ ತೇಲಿಕೊಂಡಿತು. ಮತ್ತೊಂದು ಗಾಳಿ ದೊರೆಯುವ ಮೇಲ್ಮೈಯಲ್ಲಿ ಸುಕ್ಕುಸುಕ್ಕಾದ ಚಾಪೆಯನ್ನು ನೇಯ್ದುಕೊಂಡಿತು. ಮೂರನೆಯದು ತಳ ಸೇರಿತು. ಪಾತ್ರೆಯನ್ನು ಸದಾ ಅಲುಗಿಸುತ್ತಿದ್ದರೆ ಮೇಲು, ನಡು, ತಳ ಎಂಬ ಭೇದವೇ ಇರುವುದಿಲ್ಲವಾದ್ದರಿಂದ ಕವಲುಗಳೂ ಮೂಡುವುದಿಲ್ಲ. ನೆಲೆಗಳು ಹಲವಿದ್ದರೆ, ಅವು ಬರಿದಾಗಿದ್ದರೆ, ಒಬ್ಬನೇ ಬಂದವನು ಹಲವರಾಗುತ್ತಾನೆ.

ಇದರ ಮುಂದಿನ ಪ್ರಶ್ನೆಯನ್ನು 2007ರಲ್ಲಿ ತದಾಶಿ ಫುಕಾಮಿ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡರು. ನೆಲೆಗಳಲ್ಲಿ ಒಂದು ಮೊದಲೇ ತುಂಬಿದ್ದರೆ? ಅದೇ ಬ್ಯಾಕ್ಟೀರಿಯಾದ ಅವೇ ಬಗೆಗಳನ್ನು ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಹೊತ್ತಿಗೆ ಪಾತ್ರೆಗೆ ಬಿಟ್ಟು ನೋಡಿದರು. ಬಂದ ಕ್ರಮದಲ್ಲಿಯ ಸಣ್ಣ ವ್ಯತ್ಯಾಸವೂ ಒಂದು ವಂಶ ಎಷ್ಟು ಕವಲಾಗಿ ಒಡೆಯುತ್ತದೆಂಬುದನ್ನು ಬದಲಾಯಿಸಿತು. ಪಾತ್ರೆ ಅದೇ, ರಸ ಅದೇ, ಜೀವಿಗಳು ಅವೇ. ಬೇರೆಯಾದದ್ದು ಹಾಜರಿಯ ಅನುಕ್ರಮವೊಂದೇ. ಈ ಪ್ರಯೋಗವನ್ನು ಓದಿದಾಗ ನನಗೆ ನಮ್ಮ ಹಳ್ಳಿಯ ಪಂಕ್ತಿಯೂಟದ ನೆನಪಾಯಿತು. ಗೋಡೆಗೆ ಒರಗುವ ಜಾಗ ಮೊದಲು ಬಂದವನದು. ಆಮೇಲೆ ಬಂದವನು ಎಷ್ಟೇ ದೊಡ್ಡವನಾಗಲಿ, ಉಳಿದ ಜಾಗಕ್ಕೆ ತಕ್ಕಂತೆ ಕಾಲು ಮಡಿಚಿಕೊಳ್ಳಬೇಕು. ಪಂಕ್ತಿಯಲ್ಲಿ ಇದು ಅರ್ಧಗಂಟೆಯ ಮಾತು. ಜೀವಲೋಕದಲ್ಲಿ ಲಕ್ಷ ವರ್ಷ ಹಾಗೆ ಕುಳಿತರೆ ಕಾಲೇ ಮಡಿಚುವ ಆಕಾರಕ್ಕೆ ತಿರುಗಿಬಿಡುತ್ತದೆ.

ಹಾಗೆ ಆಕಾರ ತಿರುಗಿದ ಜೀವಿ ನಮ್ಮ ನಾಡಿನಲ್ಲಿ ಉಂಟೆ? ಉಂಟು. ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗಿನ ಎತ್ತರದ ಶೋಲಾ ಕಾಡುಗಳ ನೆರಳಿನಲ್ಲಿ, ನೆಲದ ತರಗೆಲೆಗಳ ನಡುವೆ ಕುಪ್ಪಳಿಸುವ ಒಂದು ನೀಲಿ ಹಕ್ಕಿಯಿದೆ. ಗಿಡ್ಡ ರೆಕ್ಕೆ, ಉದ್ದ ಕಾಲು. ಹಿಮಾಲಯದ ಕಡೆ ಇದೇ ಆಕಾರದ, ಇದೇ ನಡೆಯ ಹಕ್ಕಿಗಳ ಗುಂಪೊಂದಿದೆ. ಇದೂ ಅದೇ ಗುಂಪಿನದೆಂದು ಹಕ್ಕಿಶಾಸ್ತ್ರಜ್ಞರು ಬಹುಕಾಲ ಎಣಿಸಿದ್ದರು. 2017ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ಅದರ ವಂಶವಾಹಿಯನ್ನು ಪರೀಕ್ಷಿಸಿ ಬೇರೆಯ ಸಂಗತಿಯನ್ನು ಪ್ರಕಟಿಸಿದರು. ಇದು ಮರದ ಕೊಂಬೆಯಿಂದ ಹಾರಿ ಗಾಳಿಯಲ್ಲಿ ನೊಣ ಹಿಡಿಯುವ ಹಕ್ಕಿಗಳ ಮನೆತನದ್ದು. ಹಿಮಾಲಯದಲ್ಲಿ ನೆಲದ ಕೆಲಸಕ್ಕೆ ಬೇರೆ ಮನೆತನವಿತ್ತು. ಇಲ್ಲಿ ಆ ಮನೆತನದವರಿಲ್ಲ. ತೆರವಾದ ಆ ಕೆಲಸವನ್ನು ನೊಣಹಿಡುಕರ ಒಂದು ಕವಲು ಹಿಡಿಯಿತು, ಹಿಡಿದು ಆ ಆಕಾರವನ್ನೇ ತಾಳಿತು ಎಂದು ಊಹಿಸುವುದು ಸಹಜ. ಅದಕ್ಕೆ ಒಂದು ಹೊಸ ಕುಲವನ್ನೇ ಮಾಡಿ, ಶೋಲಾ ಕಾಡಿನ ಹೆಸರನ್ನೇ ಸೇರಿಸಿ ‘ಶೋಲಿಕೋಲಾ’ ಎಂದು ಕರೆದರು. ನಾಟಕದ ಕಂಪನಿಯಲ್ಲಿ ಸ್ತ್ರೀಪಾತ್ರಧಾರಿ ಬಾರದ ದಿನ ಸೀರೆ ಉಟ್ಟ ಭಾಗವತರೊಬ್ಬರು ಕೊನೆಗೆ ಅದೇ ಪಾತ್ರಕ್ಕೆ ಪ್ರಸಿದ್ಧರಾದಂತೆ!

ಬೀದರದ ಒಣನೆಲಕ್ಕೆ ಹಿಂದಿರುಗೋಣ. ತಮ್ಮ ಗೋಡೆಯ ಮೇಲೆ ಈಗಲೂ ಒಂದು ಹಲ್ಲಿ ಇದ್ದೀತು. ಆಡಿದ ಮಾತಿಗೆ ಅದು ಲೊಚಗುಟ್ಟಿದರೆ ಸತ್ಯವೆಂದು ನಂಬುವ ಜನ ನಾವು. ಆ ಹಲ್ಲಿಯ ಕುಲದಲ್ಲಿ ಪ್ರಪಂಚದಾದ್ಯಂತ 150ಕ್ಕೂ ಹೆಚ್ಚು ಪ್ರಭೇದಗಳಿವೆ. ಹಲವು ಗೋಡೆ, ಬಂಡೆ, ಮರ ಹತ್ತುವಂಥವು. ಭಾರತದ ಪರ್ಯಾಯದ್ವೀಪದಲ್ಲಿ ಈ ಕುಲ ಹತ್ತಾರು ಪ್ರಭೇದಗಳಾಗಿ ಕವಲೊಡೆದಿದೆ. ಅವುಗಳಲ್ಲಿ ಒಂದು ಶಾಖೆ ಹತ್ತುವುದನ್ನೇ ಬಿಟ್ಟು ನೆಲಕ್ಕಿಳಿದು, ಕಲ್ಲಿನಡಿಯಲ್ಲಿ, ಹುಲ್ಲಿನ ಬುಡದಲ್ಲಿ ಸಂಸಾರ ಹೂಡಿದೆ. ಆ ಶಾಖೆಯ ಒಂದು ಹಲ್ಲಿ ನೋಡಲು ಎಷ್ಟು ಬೇರೆಯಾಗಿತ್ತೆಂದರೆ ಅದನ್ನು ಪ್ರತ್ಯೇಕ ಕುಲವೆಂದೇ ಪುಸ್ತಕಗಳಲ್ಲಿ ಬರೆದಿದ್ದರು. 2008ರಲ್ಲಿ ಅದನ್ನು ಮತ್ತೆ ಗೋಡೆಹಲ್ಲಿಗಳ ಮನೆಗೆ ಸೇರಿಸಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೀಣ ಕಾರಂತರೂ ಅವರ ಶಿಷ್ಯರೂ ಇಂಥ ವಂಶಾವಳಿಗಳನ್ನು ವರ್ಷಗಟ್ಟಲೆ ಬಿಡಿಸಿದ್ದಾರೆ. ಅವರು ಕೈಹಾಕಿದ ಇನ್ನೊಂದು ವಂಶ ಬಯಲಿನ ಓತಿಗಳದು. ಬೇಸಗೆಯಲ್ಲಿ ಗಂಡು ಓತಿ ಕಲ್ಲಿನ ಮೇಲೇರಿ ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ. ಕೆಲವು ಪ್ರಭೇದಗಳಲ್ಲಿ ಆ ಬೀಸಣಿಗೆ ನೀಲಿ, ಕಪ್ಪು, ಕಿತ್ತಳೆ ಬಣ್ಣಗಳಿಂದ ಉರಿಯುತ್ತದೆ. 2016ರಲ್ಲಿ ವಿ. ದೀಪಕ್ ಮತ್ತು ಸಂಗಡಿಗರು ಈ ಬಣ್ಣಗಾರರಲ್ಲಿ ಕೆಲವನ್ನು ಬೇರ್ಪಡಿಸಿ ‘ಸರಡಾ’ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಬೀದರದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯಲ್ಲಿ ಓತಿಗೆ ಇರುವ ಹೆಸರೇ ಅದು. ಈ ಓತಿಗಳ ಬಂಧುವೊಂದು ದಕ್ಷಿಣದ ಮಳೆಕಾಡಿನಲ್ಲಿಯೂ ಶ್ರೀಲಂಕೆಯಲ್ಲಿಯೂ ಇದೆ. ನಾಡು ಒಣಗುತ್ತ, ಬಯಲು ಹರಡುತ್ತ ಹೋದಂತೆ ಈ ಬಯಲಿನ ಕವಲುಗಳು ಒಡೆದವೆಂದು ದೀಪಕ್ ಮತ್ತು ಕಾರಂತರು 2018ರಲ್ಲಿ ತೋರಿಸಿಕೊಟ್ಟರು.

ಮೊದಲು ಬಂದವನೇ ಸದಾ ಗೆಲ್ಲುತ್ತಾನೆಂದು ಇದರಿಂದ ತೀರ್ಮಾನಿಸಬಾರದು. ಅದೇ ಗೋಡೆಹಲ್ಲಿಯ ಒಂದು ಪ್ರಭೇದ ಮನುಷ್ಯರ ಸಾಮಾನು ಸರಂಜಾಮಿನೊಂದಿಗೆ ಹಡಗೇರಿ ಶಾಂತಸಾಗರದ ದ್ವೀಪಗಳನ್ನು ಸೇರಿತು. ಅಲ್ಲಿಯ ಮನೆಗಳಲ್ಲಿ ಆಗಲೇ ಇನ್ನೊಂದು ಹಲ್ಲಿ ಇತ್ತು. ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಮೊಟ್ಟೆಯಿಟ್ಟು ಸಂತತಿ ನಡೆಸುವ ವಿಚಿತ್ರ ಜಾತಿ ಅದು. ವಿದ್ಯುದ್ದೀಪದ ಸುತ್ತ ಹುಳುಗಳು ಕೂಡುವ ನುಣುಪು ಗೋಡೆಗಳಲ್ಲಿ ಹೊಸಬ ಹಳಬಳನ್ನು ಹಿಮ್ಮೆಟ್ಟಿಸಿದ. ಕಾಡಿನಲ್ಲಿ ಮಾತ್ರ ಹಳಬಳು ಉಳಿದಳು. ಮೆಣಸಿನಕಾಯಿಯೂ ಮೆಣಸನ್ನು ಹೀಗೆಯೇ ಮೂಲೆಗೆ ತಳ್ಳಿತಲ್ಲವೆ? ಬರಿದಾದ ನೆಲೆ ಎಷ್ಟಿತ್ತು, ಮೊದಲು ಬಂದವನಿಗೆ ಬೇರೂರಲು ಎಷ್ಟು ಸಮಯ ಸಿಕ್ಕಿತು, ಆಮೇಲೆ ನೆಲವೇ ಬದಲಾಯಿತೆ ಎಂಬುವೂ ಲೆಕ್ಕಕ್ಕೆ ಬರುತ್ತವೆ. ಗಾಲಾಪಗೋಸ್ ದ್ವೀಪಗಳಿಗೆ ಬಂದ ಒಂದು ಫಿಂಚ್ ಹಕ್ಕಿಯ ಸಂತಾನ ಹದಿಮೂರಕ್ಕೂ ಹೆಚ್ಚು ಪ್ರಭೇದಗಳಾಯಿತು. ಅಲ್ಲಿಗೆ ಬಂದ ಅಣಕದ ಹಕ್ಕಿಯ ಸಂತಾನ ನಾಲ್ಕೇ ಪ್ರಭೇದಗಳಲ್ಲಿ ನಿಂತಿತು. ಬಂದ ಹೊತ್ತೊಂದರಿಂದಲೇ ಇದನ್ನು ವಿವರಿಸಲು ಹೊರಟರೆ ಜ್ಯೋತಿಷ್ಯವಾದೀತು.

ಹಳಬ ಸೋಲುವುದು, ಹೊಸಬ ಸೋಲುವುದು ಎಂಬ ಎರಡೇ ದಾರಿಗಳೂ ಇಲ್ಲ. ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ತೊಗರಿ, ಸೋಯಾ ಬೆಳೆಯುವ ನಮ್ಮ ರೈತರಿಗೆ ಹತ್ತಿರದ್ದು. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾಗಳಿರುತ್ತವೆ. ಬಿತ್ತುವ ಮುನ್ನ ಬೀಜಕ್ಕೆ ಲೇಪಿಸುವ ಜೀವಾಣುಗೊಬ್ಬರದ ಪುಡಿಯಲ್ಲಿರುವುದು ಅವೇ. ಹೊಲದ ಮಣ್ಣಿನಲ್ಲಿ ಆ ಬೆಳೆಗೆ ಒಗ್ಗಿದ ಹಳೆಯ ಬ್ಯಾಕ್ಟೀರಿಯಾಗಳು ಹೇರಳವಾಗಿದ್ದರೆ, ಪುಡಿಯಿಂದ ಬಂದವು ಎಷ್ಟೇ ಸಮರ್ಥವಾಗಿದ್ದರೂ ಬೇರುಗಂಟಿನೊಳಗೆ ಜಾಗ ಸಿಗದೆ ಹೋಗುವುದು ಎಲ್ಲ ದೇಶಗಳ ಕೃಷಿವಿಜ್ಞಾನಿಗಳ ಅನುಭವ. ನ್ಯೂಜಿಲೆಂಡಿನಲ್ಲಿ ಇನ್ನೊಂದು ಬಗೆಯಾಯಿತು. ಒಂದು ಜಾತಿಯ ಮೇವಿನ ಗಿಡಕ್ಕೆ ಬೇಕಾದ ಬ್ಯಾಕ್ಟೀರಿಯಾ ಅಲ್ಲಿಯ ಒಂದು ಹೊಲದಲ್ಲಿ ಇರಲಿಲ್ಲ. ಹೊರಗಿನಿಂದ ಒಂದೇ ತಳಿಯನ್ನು ತಂದು ಬೀಜಕ್ಕೆ ಹಚ್ಚಿ ಬಿತ್ತಿದರು. 7 ವರ್ಷಗಳ ನಂತರ ಬೇರುಗಂಟುಗಳನ್ನು ಒಡೆದು ನೋಡಿದರೆ ಒಳಗೆ ಬಗೆಬಗೆಯ ತಳಿಗಳು! ತಂದ ತಳಿ ಗಂಟು ಕಟ್ಟುವ ವಿದ್ಯೆಯ ವಂಶವಾಹಿಗಳನ್ನು ಆ ಮಣ್ಣಿನ ಹಳೆಯ ಬ್ಯಾಕ್ಟೀರಿಯಾಗಳಿಗೆ ದಾಟಿಸಿತ್ತು. ಹಳಬರು ತಮ್ಮ ದೇಹದಲ್ಲಿಯೇ ಹೊಸಬನ ವಿದ್ಯೆಯನ್ನು ಧರಿಸಿಕೊಂಡು ಹೊಸ ತಳಿಗಳಾಗಿದ್ದರು. ಕ್ಲೈವ್ ರಾನ್ಸನ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಪ್ರಕಟಿಸಿದರು.

ಕನ್ನಡ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನು? ಅರಬ್ಬಿಯ ‘ಬದಲ್’ ಉರ್ದುವಿನ ಹಾದಿಯಲ್ಲಿ ನಮ್ಮಲ್ಲಿಗೆ ಬಂದಿತು. ಕನ್ನಡದ ಕ್ರಿಯಾಪ್ರತ್ಯಯ ಇಲ್ಲಿ ಮೊದಲೇ ಮನೆ ಮಾಡಿಕೊಂಡಿತ್ತು. ಎರಡೂ ಕೂಡಿ ‘ಬದಲಾಯಿಸು’ ಆಯಿತು. ಬದಲಾಯಿಸಿದನು, ಬದಲಾಯಿಸಲಾರೆವು ಎಂದು ಹಳೆಯ ಮನೆಯ ರೀತಿನೀತಿಗಳಂತೆಯೇ ನಡೆಯಿತು. ಖರೀದಿಸು, ಜಮಾಯಿಸು, ಚಲಾಯಿಸು ಎಲ್ಲವೂ ಹೀಗೆಯೇ ಹುಟ್ಟಿದವು. ನಾಲ್ಕು ಭಾಷೆಗಳು ಒಂದೇ ಸಂತೆಯಲ್ಲಿ ಕೂಗಾಡುವ ಬೀದರದ ಕನ್ನಡವನ್ನು ಕಲಬೆರಕೆಯೆಂದು ಹಳಿಯುವವರನ್ನು ನನ್ನ ಅಧ್ಯಾಪನದ ಉದ್ದಕ್ಕೂ ಕಂಡಿದ್ದೇನೆ. ಅದು ಕಲಬೆರಕೆಯಲ್ಲ, ಒಂದು ಅನುಕ್ರಮದ ಫಲ ಎಂಬುದು ನನ್ನ ಮತ. ಆದರೂ ಭಾಷೆ ಬ್ಯಾಕ್ಟೀರಿಯಾ ಅಲ್ಲ. ಮನುಷ್ಯರು ಪದವನ್ನು ಬೇಕೆಂದು ಆರಿಸಿಕೊಳ್ಳುತ್ತಾರೆ, ಬೇಡವೆಂದು ಬಿಡುತ್ತಾರೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಎರಡು ಶಾಸ್ತ್ರಗಳಿಗೂ ಅನ್ಯಾಯ.

ಈ ವಿಚಾರ ವಿದ್ವಾಂಸರ ಕುತೂಹಲಕ್ಕೆ ಸೀಮಿತವಾಗಿದ್ದರೆ ನಾನು ಇಷ್ಟು ಹೊತ್ತು ಮಾತನಾಡುತ್ತಿರಲಿಲ್ಲ. ನಮ್ಮ ಕಂದಾಯದ ಕಾಗದಗಳಲ್ಲಿ ಬಂಜರು, ಖರಾಬು ಎಂಬ ಪದಗಳಿವೆ. ತೆರಿಗೆ ಹುಟ್ಟದ ನೆಲವೆಂಬುದು ಅವುಗಳ ಅರ್ಥ. ಭಾರತ ಸರಕಾರ ‘ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್’ ಎಂಬ ಭೂಪಟ ಗ್ರಂಥವನ್ನೇ ಪ್ರಕಟಿಸಿದೆ. ಕುರುಚಲು ಬೆಳೆಯುವ ಬಯಲುಗಳಿಗೆ ಅದರಲ್ಲಿ ಪಾಳುಭೂಮಿಯ ಪಟ್ಟ. ಇಂಥ ಬಯಲುಗಳು ಹಿಂದೆ ದಟ್ಟಕಾಡಾಗಿದ್ದವು, ಮನುಷ್ಯ ಕಡಿದದ್ದರಿಂದ ಬೋಳಾದವು, ಆದುದರಿಂದ ಮತ್ತೆ ಮರ ನೆಟ್ಟರೆ ಪುಣ್ಯ ಎಂಬುದು ಬಹುಜನರ ನಂಬಿಕೆ. ಕೆಲವು ಕಡೆ ಅದು ನಿಜವೂ ಹೌದು. ಎಲ್ಲ ಕಡೆ ನಿಜವೆ? 2017ರಲ್ಲಿ ಈಶಾನ್ ಅಗರವಾಲ್ ಮತ್ತು ಉಮಾ ರಾಮಕೃಷ್ಣನ್ ಅವರು ಭಾರತದ ಬಯಲುಗಳಲ್ಲಿ ಮಾತ್ರ ಬಾಳುವ, ಹಾವಿನಂತೆ ರೆಪ್ಪೆ ಮಿಟುಕಿಸದ ಪುಟ್ಟ ಹಲ್ಲಿಗಳ ವಂಶಾವಳಿಯನ್ನು ಪ್ರಕಟಿಸಿದರು. ಅವುಗಳ ಬಂಧುಗಳು ಪಶ್ಚಿಮ ಏಷ್ಯಾದ ಕಡೆಯವು. ಇಲ್ಲಿಗೆ ಬಂದ ಮೇಲೆ ಈ ವಂಶ ಲಕ್ಷಾಂತರ ವರ್ಷಗಳ ಕಾಲ ಬಯಲಿನಲ್ಲಿಯೇ ಕವಲು ಕವಲಾಗಿ ಒಡೆದಿದೆ. ಬಯಲಿಲ್ಲದೆ ಬದುಕಲಾರದ ವಂಶ ಅಷ್ಟು ಹಿಂದೆಯೇ ಇಲ್ಲಿ ಬೆಳೆದಿದೆಯೆಂದರೆ, ಬಯಲೂ ಅಷ್ಟು ಹಿಂದಿನಿಂದಲೇ ಇದ್ದಿರಬೇಕು. ಕೊಡಲಿ ಹಿಡಿದ ಮನುಷ್ಯನಿಗಿಂತ ಬಹಳ ಹಿಂದೆ.

ಹೀಗಿರುವಾಗ ನಾವು ಬರಿದೆಂದು ಬಗೆದ ನೆಲದಲ್ಲಿ ನೆಟ್ಟವುಗಳನ್ನು ನೋಡಿ. ನೀಲಗಿರಿ, ಅಕೇಶಿಯಾ, ಬಳ್ಳಾರಿ ಜಾಲಿ, ಎಲ್ಲವೂ ಬೇರೆ ಖಂಡಗಳವು. 19ನೆಯ ಶತಮಾನದ ಆದಿಯಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದ ಲಂಟಾನ ಇಂದು ದೇಶದ ಕಾಡುಗಳನ್ನೆಲ್ಲ ಸುತ್ತಿಕೊಂಡಿದೆ. ಹೊಸಬರು ಬರುವುದು ಹೊಸತಲ್ಲ. ಈ ಕರಿಕಲ್ಲಿನ ಮೇಲೆ ಎಲ್ಲರೂ ಹೊಸಬರಾಗಿಯೇ ಬಂದರೆಂದು ಆಗಲೇ ಹೇಳಿದ್ದೇನೆ. ಆದರೆ ಹಿಂದೆ ಇಬ್ಬರು ಅತಿಥಿಗಳ ನಡುವೆ ಸಾವಿರಾರು ತಲೆಮಾರುಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಗೋಡೆಯ ಹಲ್ಲಿ ನೆಲದ ಹಲ್ಲಿಯಾಯಿತು, ನೊಣಹಿಡುಕ ಹಕ್ಕಿ ನೆಲದ ಹಕ್ಕಿಯಾಯಿತು. ಈಗ ಒಂದು ಮಳೆಗಾಲದಲ್ಲಿ ಗುಂಡಿ ತೋಡಿ ಸಾವಿರಾರು ಸಸಿಗಳನ್ನು ಒಟ್ಟಿಗೆ ಇಳಿಸುತ್ತೇವೆ. ರೈತನ ಬದುವಿಗೆ, ಶಾಲೆಯ ಅಂಗಳಕ್ಕೆ, ರಸ್ತೆಯ ಬದಿಗೆ ಮರ ಬೇಕೇ ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ‘ಏನೂ ಇಲ್ಲದ ಜಾಗ’ ಎಂಬ ಆ ಒಂದು ಮಾತಿನ ಮೇಲೆ. ಬೀದರದ ಬಯಲಿನಲ್ಲಿ ಕೃಷ್ಣಮೃಗಗಳಿವೆ. ತೊಗರಿಯ ಚಿಗುರು ತಿನ್ನುತ್ತವೆಂದು ರೈತರು ಅವುಗಳ ಮೇಲೆ ಸಿಟ್ಟಾಗುವುದೂ ಉಂಟು, ಆ ಸಿಟ್ಟು ಸುಳ್ಳಲ್ಲ. ಹುಲ್ಲು ಬೆಳೆಯುತ್ತಿದ್ದ ಬಯಲಿಗೆ ಮರಗಳ ನೆರಳು ಕವಿದರೆ ಅವು ಮೇಯಲು ಹೊಲಕ್ಕಲ್ಲದೆ ಬೇರೆಲ್ಲಿಗೆ ಹೋದಾವು?

ಕೃಷ್ಣಮೃಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದರ ಪರವಾಗಿ ಮಾತನಾಡುವವರೂ ಇದ್ದಾರೆ. ಬಯಲಿನ ಓತಿಯ ಪಾಡು ಬೇರೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಗಂಡು ಓತಿ ಒಂದು ಕಲ್ಲನ್ನು ಹತ್ತಿ ಬೀಸಣಿಗೆ ಬಿಚ್ಚುವುದು, ನಾಲ್ಕಾರು ಮಾರು ದೂರದ ಹೆಣ್ಣಿಗೂ ಎದುರಾಳಿಗೂ ಕಾಣಲೆಂದು. ಅದಕ್ಕೆ ಬೇಕಾದುದು ಕಲ್ಲಿನ ಸುತ್ತ ಬಿಸಿಲು ಬಿದ್ದ, ದೃಷ್ಟಿಗೆ ಅಡ್ಡಿಯಿಲ್ಲದ ನೆಲ. ಸಸಿ ನೆಡಲು ಬರುವ ಆಳುಗಳು ಮೊದಲು ಎತ್ತಿ ಬದಿಗೆ ಹಾಕುವುದು ಅಂಥ ಕಲ್ಲುಗಳನ್ನೇ.